ಕಲಬುರಗಿಯಿಂದ ಆಗುಂಬೆಯ ಘಟ್ಟಕ್ಕೆ ಶೈಕ್ಷಣಿಕ ಪ್ರವಾಸ: ಹೊರಡುವ ಮುನ್ನವೂ ಹೊರಟ ಮೇಲೂ ಮಾಡಬೇಕಾದದ್ದು

ದಸರಾ ರಜೆ ಮುಗಿಯುತ್ತಿದ್ದಂತೆ ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಶಿಕ್ಷಕರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ಮಕ್ಕಳನ್ನು ಬಸ್ಸಿನಲ್ಲಿ ಮಲೆನಾಡಿಗೆ ಕರೆದೊಯ್ಯಬೇಕು, ನಾಲ್ಕು ದಿನ ಸಾಕಾಗುತ್ತದೆಯೇ?" ಸಾಕಾಗುವುದಿಲ್ಲ. ಕಲಬುರಗಿಯಿಂದ ಶಿವಮೊಗ್ಗಕ್ಕೇ ಸುಮಾರು 450 ಕಿಲೋಮೀಟರ್ ದಾರಿಯಿದ್ದು, ನಾಲ್ಕು ದಿನಕ್ಕೆ ಹೊಂದಿಸಲು ಹೊರಟವರು ಕೊನೆಗೆ ರಾತ್ರಿ ಪ್ರಯಾಣ ಮಾಡುತ್ತಾರೆ. ಮಕ್ಕಳು ಕಿಟಕಿಯ ಹೊರಗೆ ಏನನ್ನೂ ಕಾಣದೆ ನಿದ್ದೆಗಣ್ಣಿನಲ್ಲಿ ಘಟ್ಟ ತಲುಪುತ್ತಾರೆ. ಆರು ದಿನ, ಐದು ರಾತ್ರಿ ಎಂದು ಮೊದಲೇ ನಿಶ್ಚಯಿಸಿಕೊಂಡು ಈ ಲೇಖನವನ್ನು ಓದಿ. ಬೀದರಿನವರು ಹೋಗುವಾಗಲೂ ಬರುವಾಗಲೂ ನೂರಕ್ಕೂ ಹೆಚ್ಚು ಕಿಲೋಮೀಟರ್ ಸೇರಿಸಿಕೊಳ್ಳಬೇಕು. ಯಾದಗಿರಿಯವರು ಕಲಬುರಗಿಗೆ ಬರುವ ಅಗತ್ಯವಿಲ್ಲ, ಶಹಾಪುರದಲ್ಲಿ ಇದೇ ದಾರಿಯನ್ನು ಕೂಡಿಕೊಳ್ಳಬಹುದು.

1. ಮೊದಲು ಪಾಠವನ್ನು ಗೊತ್ತುಮಾಡಿಕೊಳ್ಳಿ, ಸ್ಥಳಗಳ ಪಟ್ಟಿ ಆಮೇಲೆ

ಜೋಗ, ಶೃಂಗೇರಿ, ಧರ್ಮಸ್ಥಳ, ಮುರುಡೇಶ್ವರ, ಚಿಕ್ಕಮಗಳೂರು ಎಂದು ಒಂದೇ ಹಾಳೆಯಲ್ಲಿ ಹತ್ತು ಹೆಸರು ಬರೆದು, ಅವುಗಳ ನಡುವೆ ಗೆರೆ ಎಳೆದು, ಅದಕ್ಕೆ ಶೈಕ್ಷಣಿಕ ಪ್ರವಾಸವೆಂದು ಹೆಸರಿಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದರ ಬದಲು ಇಡೀ ಪ್ರವಾಸಕ್ಕೆ ಒಂದೇ ಪ್ರಶ್ನೆಯನ್ನು ಇಟ್ಟುಕೊಳ್ಳಿ. ನಮ್ಮ ಭಾಗದ ಮಕ್ಕಳಿಗೆ ಅತ್ಯಂತ ಹತ್ತಿರದ ಪ್ರಶ್ನೆ ಮಳೆಯದು. ಕಲಬುರಗಿಯಲ್ಲಿ ವರ್ಷಕ್ಕೆ 700ರಿಂದ 800 ಮಿಲಿಮೀಟರ್ ಮಳೆ ಬಂದರೆ, ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಆಗುಂಬೆ ಬಹಳ ಎತ್ತರದಲ್ಲಿರುವುದರಿಂದ ಹೀಗಾಗುತ್ತದೆ ಎಂದು ಮಕ್ಕಳು ಊಹಿಸುತ್ತಾರೆ. ವಾಸ್ತವದಲ್ಲಿ ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ; ನಮ್ಮ ಬೀದರ್ ಕೋಟೆ ನಿಂತಿರುವ ದಿಬ್ಬವೂ 600 ಮೀಟರಿಗೂ ಮೇಲೆಯೇ ಇದೆ. ಎತ್ತರ ಹೆಚ್ಚುಕಡಿಮೆ ಸಮನಾಗಿದ್ದರೂ ಮಳೆ ಇಷ್ಟೊಂದು ಬೇರೆಯಾಗಲು ಕಾರಣವೇನೆಂಬುದನ್ನು ಹೊರಡುವ ಮುನ್ನ ಹೇಳಿಕೊಡಬೇಡಿ. ಘಟ್ಟದ ಅಂಚಿನಲ್ಲಿ ನಿಂತು ಕೆಳಗಿನ ಕರಾವಳಿಯನ್ನು ನೋಡಿದಾಗ ಅವರಿಗೇ ಹೊಳೆಯಬೇಕು: ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ನೈಋತ್ಯ ಮಾನ್ಸೂನ್ ಗಾಳಿಗೆ ಸಹ್ಯಾದ್ರಿ ಗೋಡೆಯಂತೆ ಅಡ್ಡ ನಿಲ್ಲುತ್ತದೆ, ಗಾಳಿ ಮೇಲೇರಿ ತಣ್ಣಗಾಗಿ ಅಲ್ಲಿಯೇ ಮಳೆಯಾಗಿ ಸುರಿಯುತ್ತದೆ, ಗೋಡೆ ದಾಟಿ ಬರುವಷ್ಟರಲ್ಲಿ ತೇವ ಕಡಿಮೆಯಾಗಿರುತ್ತದೆ. ಹೀಗೆ ಬೆಟ್ಟದ ಹಿಂಬದಿಯಲ್ಲಿ ಮಳೆ ಕಡಿಮೆ ಬೀಳುವ ಭೂಭಾಗವನ್ನು ಮಳೆನೆರಳಿನ ಪ್ರದೇಶ ಎನ್ನುತ್ತಾರೆ.

ಜೋಗ ಮತ್ತು ಆಗುಂಬೆ ಎರಡೂ ಬೇಕೆಂಬ ಒತ್ತಾಯ ಆಡಳಿತ ಮಂಡಳಿಯಿಂದಲೂ ಪಾಲಕರಿಂದಲೂ ಬರುತ್ತದೆ. ಶರಾವತಿ 253 ಮೀಟರ್ ಧುಮುಕುವ ಜೋಗವನ್ನು ನೋಡುವ ಕಾಲ ಮಳೆಗಾಲ. ಡಿಸೆಂಬರಿನಲ್ಲಿ ಹೋದರೆ ಬಂಡೆಯ ಮೇಲೆ ಸಣ್ಣ ಧಾರೆಗಳಷ್ಟೇ ಕಾಣುತ್ತವೆ, ಏಕೆಂದರೆ ಮೇಲ್ಭಾಗದ ನೀರನ್ನು ಲಿಂಗನಮಕ್ಕಿ ಅಣೆಕಟ್ಟು ವಿದ್ಯುತ್ ಉತ್ಪಾದನೆಗಾಗಿ ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದ ಚಳಿಗಾಲದ ಪ್ರವಾಸಕ್ಕೆ ನನ್ನ ಆಯ್ಕೆ ಆಗುಂಬೆಯೇ.

2. ಕಾಲ ಮತ್ತು ಅನುಮತಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಗಳಲ್ಲಿ ಮಣ್ಣು ಕುಸಿಯುವುದು ಸಾಮಾನ್ಯ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಕುಸಿತಗಳಾಗಿ ಸಂಚಾರವನ್ನೇ ನಿಲ್ಲಿಸಬೇಕಾಯಿತು. ಫೆಬ್ರುವರಿಯ ಹೊತ್ತಿಗೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳು ಬರುತ್ತವೆ. ಉಳಿಯುವುದು ನವೆಂಬರ್ ಮತ್ತು ಡಿಸೆಂಬರ್.

ಅನುಮತಿಯ ಕೆಲಸವನ್ನು ಹೊರಡುವ ದಿನಕ್ಕೆ ಎರಡು ತಿಂಗಳು ಮೊದಲೇ ಆರಂಭಿಸಿ. ಸರ್ಕಾರಿ ಶಾಲೆಯಾದರೆ ಮೊದಲು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ನಿರ್ಣಯ ಬರೆಸಬೇಕು; ನಂತರ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೂಲಕ ಪ್ರಸ್ತಾವ ಮೇಲಕ್ಕೆ ಹೋಗಬೇಕು. ಆ ವರ್ಷದ ಇಲಾಖೆಯ ಸುತ್ತೋಲೆಯನ್ನು ಪೂರ್ತಿ ಓದಿ, ಹಿಂದಿನ ವರ್ಷದ ನೆನಪಿನ ಮೇಲೆ ನಡೆಯಬೇಡಿ. ಪ್ರಸ್ತಾವದೊಂದಿಗೆ ದಿನವಾರು ಮಾರ್ಗ, ತಂಗುವ ಸ್ಥಳ, ವಾಹನದ ವಿವರ, ಜೊತೆಗೆ ಹೋಗುವ ಶಿಕ್ಷಕರ ಪಟ್ಟಿ ಮತ್ತು ಪ್ರತಿ ಮಗುವಿನ ಪಾಲಕರ ಲಿಖಿತ ಒಪ್ಪಿಗೆ ಇರಲಿ. ಒಪ್ಪಿಗೆ ಪತ್ರದಲ್ಲಿ ಸಹಿಯ ಜಾಗವನ್ನಷ್ಟೇ ಬಿಟ್ಟರೆ ಸಾಲದು. ಮಗುವಿಗೆ ಉಬ್ಬಸ, ಮೂರ್ಛೆ, ಔಷಧಿಯ ಅಲರ್ಜಿ ಇದೆಯೇ, ದಿನವೂ ಯಾವ ಗುಳಿಗೆ ನುಂಗುತ್ತದೆ ಎಂಬುದಕ್ಕೆ ಪ್ರತ್ಯೇಕ ಸಾಲುಗಳನ್ನು ಕೊಡಿ. ಎಷ್ಟೋ ಪಾಲಕರು ಇದನ್ನು ಬಾಯಲ್ಲಿ ಹೇಳಲು ಸಂಕೋಚಪಡುತ್ತಾರೆ, ಕೇಳಿದರೆ ಬರೆಯುತ್ತಾರೆ.

ಹದಿನೈದು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು, ಹೆಣ್ಣುಮಕ್ಕಳಿದ್ದರೆ ಕನಿಷ್ಠ ಇಬ್ಬರು ಶಿಕ್ಷಕಿಯರಿರಬೇಕು ಎಂಬುದು ನಾನು ಪಾಲಿಸಿಕೊಂಡು ಬಂದ ಲೆಕ್ಕ. ಒಬ್ಬರೇ ಶಿಕ್ಷಕಿ ಇದ್ದು ಅವರೇ ಜ್ವರದಿಂದ ಮಲಗಿದರೆ ಆ ಪ್ರವಾಸವನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ.

3. ಬಸ್ಸು: ಹೆಚ್ಚಿನ ಎಡವಟ್ಟುಗಳು ಆಗುವುದು ಇಲ್ಲಿಯೇ

ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸನ್ನು ಸಾಂದರ್ಭಿಕ ಒಪ್ಪಂದದ ಮೇಲೆ ಪಡೆಯುವುದು ನಮ್ಮ ಭಾಗದವರಿಗೆ ಸುಲಭವಾದ ಮತ್ತು ಸುರಕ್ಷಿತವಾದ ದಾರಿ. ಸಾಂದರ್ಭಿಕ ಒಪ್ಪಂದವೆಂದರೆ ಇಡೀ ಬಸ್ಸನ್ನು ನಿಗದಿತ ದಿನಗಳಿಗೆ ಬಾಡಿಗೆಗೆ ಪಡೆಯುವುದು. ಬಾಡಿಗೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಹಾಕುತ್ತಾರೆ ಮತ್ತು ದಿನಕ್ಕೆ ಇಷ್ಟು ಕಿಲೋಮೀಟರ್ ಎಂಬ ಕನಿಷ್ಠ ಮಿತಿ ಇರುತ್ತದೆ. ಬಸ್ಸು ಕಡಿಮೆ ಓಡಿದರೂ ಆ ಕನಿಷ್ಠಕ್ಕೆ ಹಣ ಕಟ್ಟಬೇಕು. ಡಿಪೋದಿಂದ ನಿಮ್ಮ ಶಾಲೆಯವರೆಗೆ ಬಂದುಹೋಗುವ ದೂರವೂ ಲೆಕ್ಕಕ್ಕೆ ಸೇರುವುದುಂಟು, ಅದನ್ನು ಮೊದಲೇ ಕೇಳಿ ಬರೆದುಕೊಳ್ಳಿ.

ಖಾಸಗಿ ಬಸ್ಸಾದರೆ ಹಳದಿ ನಂಬರ್ ಪ್ಲೇಟ್ ಇರಲೇಬೇಕು. ನೋಂದಣಿ, ಪರವಾನಗಿ, ವಿಮೆ ಮತ್ತು ಎಫ್‌ಸಿ, ಅಂದರೆ ವಾಹನ ರಸ್ತೆಗಿಳಿಯಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ, ಇವುಗಳ ಪ್ರತಿ ಪಡೆದು ದಿನಾಂಕಗಳನ್ನು ನೀವೇ ನೋಡಬೇಕು. ಎಂಪರಿವಾಹನ್ ಆ್ಯಪ್‌ನಲ್ಲಿ ಬಸ್ಸಿನ ನಂಬರ್ ಹಾಕಿದರೆ ವಿಮೆಯೂ ಎಫ್‌ಸಿಯೂ ಯಾವಾಗ ಮುಗಿಯುತ್ತವೆ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಶಾಲೆಯದೇ ಹಳದಿ ಬಸ್ಸಿದೆಯಲ್ಲ, ಅದನ್ನೇ ತೆಗೆದುಕೊಂಡು ಹೋಗೋಣ ಎನ್ನುವವರಿದ್ದಾರೆ. ಅದರ ಪರವಾನಗಿ ಇರುವುದು ಮಕ್ಕಳನ್ನು ಶಾಲೆಗೆ ಕರೆತಂದು ಬಿಡುವುದಕ್ಕೆ. ಪ್ರಾದೇಶಿಕ ಸಾರಿಗೆ ಕಚೇರಿಯ ಪ್ರತ್ಯೇಕ ಪರವಾನಗಿಯಿಲ್ಲದೆ ದೂರದ ಪ್ರವಾಸಕ್ಕೆ ಒಯ್ದು ಅಪಘಾತವಾದರೆ ವಿಮೆಯ ಪರಿಹಾರಕ್ಕೇ ತೊಡಕಾಗುತ್ತದೆ.

ಬಸ್ಸಿನ ಉದ್ದವನ್ನು ಕೇಳಲು ಮರೆಯಬೇಡಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಲೆಗೆ ಸಿಕ್ಕಿಸುವ ಪಿನ್ನಿನಂತೆ ರಸ್ತೆ ಒಮ್ಮೆಲೇ ಹಿಂದಕ್ಕೆ ಮಡಚಿಕೊಳ್ಳುವ ತಿರುವಿಗೆ ಈ ಹೆಸರು. ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ, ಪ್ರಯಾಣಿಕರನ್ನು ಸಾಗಿಸುವುದು ಮಿನಿ ಬಸ್ಸುಗಳು. ಒಂದು ವರ್ಷ ನಮಗೆ ಬಸ್ಸು ಒದಗಿಸಿದ ಮಧ್ಯವರ್ತಿ ಇದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ. 52 ಮಕ್ಕಳನ್ನು ಕೂರಿಸಿಕೊಂಡು ಉಡುಪಿಗೆ ಇಳಿಯಲು ಹೊರಟವರು ಘಾಟಿಯ ತಲೆಯಲ್ಲೇ ಹಿಂದಿರುಗಿ, ಕಾಯ್ದಿರಿಸಿದ್ದ ವಸತಿಯ ಹಣವನ್ನೂ ಕಳೆದುಕೊಂಡೆವು. ಆದ್ದರಿಂದ ದೊಡ್ಡ ಬಸ್ಸು ಆಗುಂಬೆಯಲ್ಲೇ ನಿಲ್ಲಲಿ. ಘಾಟಿಯ ತಿರುವುಗಳನ್ನು ಮಕ್ಕಳಿಗೆ ತೋರಿಸಬೇಕೆಂದರೆ ಸ್ಥಳೀಯ ಮಿನಿ ಬಸ್ಸಿನಲ್ಲಿ ಸೋಮೇಶ್ವರದವರೆಗೆ ಹೋಗಿ ಬನ್ನಿ.

ಚಾಲಕರು ಇಬ್ಬರಿರಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆಯ ಪ್ರಕಾರ ಚಾಲಕರ ದಿನದ ದುಡಿಮೆ ಸಾಮಾನ್ಯವಾಗಿ 8 ಗಂಟೆ, ಐದು ಗಂಟೆಗಳ ದುಡಿಮೆಯ ನಂತರ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು. ನಮ್ಮ ಸಮತಟ್ಟಾದ ಎರೆಭೂಮಿಯ ರಸ್ತೆಯಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದವರಾದರೂ ಘಾಟಿ ಅವರಿಗೆ ಹೊಸದಾಗಿರಬಹುದು. ಇಬ್ಬರಲ್ಲಿ ಒಬ್ಬರಿಗಾದರೂ ಘಾಟಿಯ ಅನುಭವ ಇರಬೇಕೆಂದು ಒಪ್ಪಂದದ ಹೊತ್ತಿನಲ್ಲೇ ಕೇಳಿ. ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಇಳಿಯಬೇಕು, ಎಂಜಿನ್ನಿನ ಹಿಡಿತದಲ್ಲೇ ವೇಗ ತಗ್ಗಬೇಕು. ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ರಬ್ಬರಿನಂಥ ವಾಸನೆ ಬಂದರೆ ಸಂಕೋಚಪಡದೆ ಬಸ್ಸು ನಿಲ್ಲಿಸಿ ಎಂದು ಹೇಳುವ ಹಕ್ಕು ನಿಮಗಿದೆ. ಕಿರಿದಾದ ಏರಿನಲ್ಲಿ ಎದುರುಬದುರಾದಾಗ ಮೇಲೆ ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂಬುದು ನಿಯಮ.

4. ದಿನವಾರು ದಾರಿ

ಮೊದಲ ದಿನ ಬೆಳಿಗ್ಗೆ ಆರಕ್ಕೆ ಕಲಬುರಗಿ ಬಿಡಿ. ಜೇವರ್ಗಿಗೆ ಮುನ್ನ ಕಟ್ಟಿಸಂಗಾವಿಯಲ್ಲಿ ಭೀಮಾ ನದಿಯ ಸೇತುವೆ ಬರುತ್ತದೆ. ಶಹಾಪುರ, ಸುರಪುರ ದಾಟಿದ ಮೇಲೆ ತಿಂಥಣಿಯಲ್ಲಿ ಕೃಷ್ಣೆಯನ್ನು ದಾಟುತ್ತೀರಿ. ಲಿಂಗಸುಗೂರಿನ ಮೂಲಕ ಸಂಜೆಯ ಹೊತ್ತಿಗೆ ಹೊಸಪೇಟೆ ತಲುಪಿದರೆ ಅಲ್ಲಿ ತುಂಗಭದ್ರೆ. ಪಾಠ ಇಲ್ಲಿಂದಲೇ ಆರಂಭವಾಗಿದೆ ಎಂಬುದನ್ನು ಗಮನಿಸಿ: ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ, ಕೃಷ್ಣೆ ಮಹಾಬಲೇಶ್ವರದಲ್ಲಿ, ತುಂಗೆ ಮತ್ತು ಭದ್ರೆಯರು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ. ಎಲ್ಲವೂ ಸಹ್ಯಾದ್ರಿಯ ಮಕ್ಕಳೇ. ಮಳೆ ಕಡಿಮೆ ಬೀಳುವ ನಮ್ಮ ಹೊಲಗಳಿಗೆ ನೀರು ತರುವುದು ಆ ಗುಡ್ಡಗಳೇ ಎಂಬುದನ್ನು ಮೂರು ಸೇತುವೆಗಳ ಮೇಲೆ ಮೂರು ಬಾರಿ ಹೇಳಿದರೆ ಮತ್ತೆ ಹೇಳಬೇಕಾಗಿಲ್ಲ. ಸೇತುವೆಯ ಮೇಲೆ ಬಸ್ಸು ನಿಲ್ಲಿಸಬೇಡಿ. ದಾಟಿದ ನಂತರ ಅಗಲವಾದ ಜಾಗ ನೋಡಿ ನಿಲ್ಲಿಸಿ. ತುಂಗಭದ್ರಾ ಅಣೆಕಟ್ಟಿನಲ್ಲಿ 2024ರ ಆಗಸ್ಟ್‌ನಲ್ಲಿ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದ ಸಂಗತಿ ಮಕ್ಕಳಿಗೆ ನೆನಪಿರುತ್ತದೆ. ಕ್ರಸ್ಟ್ ಗೇಟ್ ಎಂದರೆ ಅಣೆಕಟ್ಟಿನ ಮೇಲ್ಭಾಗದಲ್ಲಿ ಹೆಚ್ಚುವರಿ ನೀರನ್ನು ಬಿಡಲು ಇರುವ ಬಾಗಿಲು.

ಎರಡನೆಯ ದಿನ ಹರಿಹರದ ಮೂಲಕ ಶಿವಮೊಗ್ಗಕ್ಕೆ ಪ್ರಯಾಣ. ಸಂಜೆ ತುಂಗೆ ಮತ್ತು ಭದ್ರೆ ಕೂಡುವ ಕೂಡಲಿಗೆ ಹೋಗಬಹುದು. ನೀರಿಗಿಳಿಯುವುದು ಬೇಡ.

ಮೂರನೆಯ ದಿನ ಸಕ್ರೆಬೈಲಿನ ಆನೆ ಬಿಡಾರಕ್ಕೆ ಬೆಳಿಗ್ಗೆಯೇ ತಲುಪಬೇಕು. ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗಿನ ಹೊತ್ತು. ಹನ್ನೆರಡರ ನಂತರ ಹೋದವರಿಗೆ ಖಾಲಿ ಬಿಡಾರ ಕಾಣುತ್ತದೆ. ಅಲ್ಲಿಂದ ತೀರ್ಥಹಳ್ಳಿಯ ಮೂಲಕ ಕುಪ್ಪಳಿ. ಕುಪ್ಪಳಿಯ ಕವಿಮನೆಯಲ್ಲಿ ಮಕ್ಕಳನ್ನು ಒಂದು ಗಂಟೆ ಬಿಡಿ ಮತ್ತು ಮನೆಯ ಚಾವಣಿಯನ್ನು ನೋಡಲು ಹೇಳಿ. ನಮ್ಮ ಹಳ್ಳಿಗಳ ಮಾಳಿಗೆ ಮನೆಗಳ ಮೇಲೆ ಮಣ್ಣು ಹಾಸಿ ಸಮತಟ್ಟು ಮಾಡಿರುತ್ತೇವೆ, ಬೇಸಿಗೆಯ ರಾತ್ರಿ ಅಲ್ಲಿಯೇ ಹಾಸಿಗೆ ಹಾಸುತ್ತೇವೆ, ಮೆಣಸಿನಕಾಯಿ ಒಣಗಿಸುತ್ತೇವೆ. ಮಲೆನಾಡಿನ ತೊಟ್ಟಿಮನೆಯ ಹೆಂಚಿನ ಮಾಡು ಕಡಿದಾಗಿ ಇಳಿಯುತ್ತದೆ, ಅದರ ಅಂಚು ಗೋಡೆಗಿಂತ ಬಹಳ ಮುಂದಕ್ಕೆ ಚಾಚಿಕೊಂಡಿರುತ್ತದೆ. ಸೇಡಂ ಕಡೆಯ ಹುಡುಗಿಯೊಬ್ಬಳು ಆ ಮಾಡನ್ನು ದಿಟ್ಟಿಸಿ ನೋಡಿ, "ಸರ್, ಇಲ್ಲಿ ಮಾಳಿಗಿ ಮ್ಯಾಲ ಮಲಗಾಕ ಆಗಂಗಿಲ್ಲಲ್ರೀ" ಎಂದಿದ್ದಳು. ಮಳೆಗೂ ಮನೆಗೂ ಇರುವ ಸಂಬಂಧವನ್ನು ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಅದೇ ಸಂಜೆ ಐದರೊಳಗೆ ಆಗುಂಬೆಯ ಸೂರ್ಯಾಸ್ತ ವೀಕ್ಷಣೆಯ ಕಟ್ಟೆಗೆ ಬನ್ನಿ. ಅದು ಘಾಟಿಯ ಆರಂಭದಲ್ಲೇ ಇದೆ. ಆಕಾಶ ತಿಳಿಯಾಗಿದ್ದರೆ ಅರಬ್ಬೀ ಸಮುದ್ರದವರೆಗೂ ಕಾಣುತ್ತದೆ, ಮೋಡವಿದ್ದರೆ ಎದುರಿಗೆ ನಿಂತವರೂ ಕಾಣುವುದಿಲ್ಲ. ಎರಡೂ ಪಾಠವೇ. ಆಗುಂಬೆಯಲ್ಲಿ ಐವತ್ತು ಜನರಿಗೆ ಒಟ್ಟಿಗೆ ವಸತಿ ಸಿಗುವುದು ಕಷ್ಟ. ತೀರ್ಥಹಳ್ಳಿಯಲ್ಲೋ ಶೃಂಗೇರಿಯಲ್ಲೋ ಮೊದಲೇ ಕಾಯ್ದಿರಿಸಿ.

ನಾಲ್ಕನೆಯ ದಿನ ಬೆಳಿಗ್ಗೆ ಘಾಟಿ ಮತ್ತು ಕಾಡಿನಂಚು, ಸಂಜೆಗೆ ಮರಳಿ ಶಿವಮೊಗ್ಗ. ಐದನೆಯ ದಿನ ಹೊಸಪೇಟೆ, ಸಮಯ ಉಳಿದರೆ ಹಂಪಿ. ಆರನೆಯ ದಿನ ಕಲಬುರಗಿ. ಪ್ರತಿ ದಿನವೂ ಸಂಜೆ ಏಳರೊಳಗೆ ಬಸ್ಸು ತಂಗುದಾಣದಲ್ಲಿ ನಿಂತಿರಬೇಕು.

ಆಗುಂಬೆಯವರೆಗೆ ಬಂದಿದ್ದೇವೆ, ಕಡಲನ್ನೂ ತೋರಿಸಿಬಿಡೋಣ ಎಂಬ ಮಾತು ಮೂರನೆಯ ದಿನ ತಪ್ಪದೆ ಬರುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಿಗೆ ಸಿಲುಕಿ ತೀರಿಕೊಂಡರು. ಕಡಲನ್ನೇ ಕಾಣದ ಮಕ್ಕಳನ್ನು, ಅನುಮತಿ ಪತ್ರದಲ್ಲಿ ಇಲ್ಲದ ಸ್ಥಳಕ್ಕೆ, ದಣಿದ ಶಿಕ್ಷಕರು ಕರೆದೊಯ್ಯುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

5. ಮಕ್ಕಳ ಕೈಗೆ ಕೊಡಬೇಕಾದ ಕೆಲಸ

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಗುಂಪಿಗೊಂದು ನೋಟ್‌ಬುಕ್ ಮತ್ತು ಒಂದು ಸಾದಾ ಉಷ್ಣಮಾಪಕ ಕೊಡಿ. ಬಸ್ಸು ನಿಂತ ಪ್ರತಿ ಜಾಗದಲ್ಲೂ ಸಮಯ, ನೆರಳಿನ ಉಷ್ಣಾಂಶ, ಶಿಕ್ಷಕರ ಮೊಬೈಲಿನಲ್ಲಿ ಕಾಣುವ ಎತ್ತರ, ಹೊಲದಲ್ಲಿರುವ ಬೆಳೆ ಮತ್ತು ಮಣ್ಣಿನ ಬಣ್ಣವನ್ನು ಬರೆಯಬೇಕು. ಜೇವರ್ಗಿಯ ಎರೆಮಣ್ಣು ಮತ್ತು ತೊಗರಿ, ಮುಂದೆ ಮಸಾರಿಯ ಕೆಂಪು, ತೀರ್ಥಹಳ್ಳಿಯ ಬಳಿ ಅಡಿಕೆ ತೋಟದ ಜಂಬಿಟ್ಟಿಗೆ: ಆರು ದಿನಗಳ ಕೊನೆಗೆ ಆ ಪುಟಗಳೇ ಒಂದು ನಕಾಶೆಯಾಗುತ್ತವೆ. ಜಂಬಿಟ್ಟಿಗೆಯನ್ನು ನೋಡಿದಾಗ ಬೀದರಿನ ಮಕ್ಕಳು ಇದು ನಮ್ಮ ಕೋಟೆಯ ಕಲ್ಲು ಎಂದು ಗುರುತಿಸಬೇಕು. ಬೀದರ್ ನಿಂತಿರುವುದೂ ಇದೇ ಮುರಕಲ್ಲಿನ ದಿಬ್ಬದ ಮೇಲೆ. ಮಣ್ಣಿನ ಮಾದರಿಯನ್ನು ರಸ್ತೆಬದಿಯ ಹೊಲದಲ್ಲಿ, ರೈತರನ್ನು ಕೇಳಿ ಒಂದು ಮುಷ್ಟಿ ತೆಗೆದುಕೊಳ್ಳಬಹುದು. ಅಭಯಾರಣ್ಯದೊಳಗೆ ಎಲೆ, ಕಾಯಿ, ಗರಿ ಯಾವುದನ್ನೂ ಕೀಳಬಾರದು, ಎತ್ತಿಕೊಳ್ಳಬಾರದು. ಘಾಟಿಯ ಕೋತಿಗಳಿಗೆ ತಿಂಡಿ ಎಸೆಯಬಾರದು.

6. ವಾಂತಿ, ಚಳಿ, ಊಟ

ತಿರುವಿನ ರಸ್ತೆಯನ್ನೇ ಕಾಣದ ಮಕ್ಕಳಿಗೆ ತೀರ್ಥಹಳ್ಳಿ ದಾಟುವುದರೊಳಗೆ ವಾಂತಿ ಆರಂಭವಾಗುತ್ತದೆ. ಒಬ್ಬರಿಗೆ ಆಯಿತೆಂದರೆ ವಾಸನೆಗೇ ಇನ್ನೂ ನಾಲ್ವರಿಗೆ ಆಗುತ್ತದೆ. ಅಂಥವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ದೂರದ ರಸ್ತೆಯನ್ನು ನೋಡುವಂತೆ ಹೇಳಿ, ಮೊಬೈಲ್ ಕೈಗೆ ಕೊಡಬೇಡಿ. ಎಣ್ಣೆಯ ಪೂರಿ, ವಡೆ ಬಿಟ್ಟು ಇಡ್ಲಿಯಂಥ ಹಗುರ ತಿಂಡಿ ಕೊಡಿ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಪ್ರತಿ ಸೀಟಿಗೆ ಒಂದು ಗಟ್ಟಿ ಚೀಲ ಇರಲಿ. ಪಾಲಕರು ಬರೆದುಕೊಟ್ಟಿರದ ಗುಳಿಗೆಯನ್ನು ನೀವಾಗಿ ಕೊಡಬೇಡಿ.

ಡಿಸೆಂಬರಿನ ಆಗುಂಬೆಯ ಬೆಳಗಿನ ಥಂಡಿಗೆ ನಮ್ಮ ಮಕ್ಕಳ ತೆಳು ಅಂಗಿಗಳು ಸಾಲುವುದಿಲ್ಲ, ಸ್ವೆಟರ್ ಕಡ್ಡಾಯ ಮಾಡಿ. ಇನ್ನು ಊಟ. ಹೊಸಪೇಟೆ ದಾಟಿ ಮುಂದೆ ಹೋದಂತೆ ಅನ್ನದ್ದೇ ಪಾರುಪತ್ಯ, ಎರಡನೆಯ ದಿನವೇ ಮಕ್ಕಳು ರೊಟ್ಟಿ ಕೇಳುತ್ತಾರೆ. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು ಡಬ್ಬಗಳಲ್ಲಿ ತುಂಬಿಕೊಂಡು ಹೋದರೆ ಆರು ದಿನ ಕೆಡುವುದಿಲ್ಲ. ಆದರೆ ಮಲೆನಾಡಿನ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ, ಆದ್ದರಿಂದ ಡಬ್ಬದ ಮುಚ್ಚಳ ಬಿಗಿಯಾಗಿರಲಿ.

7. ಇಂಬಳ ಮತ್ತು ಉಣುಗು

ಇವೆರಡನ್ನೂ ನಮ್ಮ ಭಾಗದವರು ಒಂದೇ ಎಂದು ತಿಳಿಯುತ್ತಾರೆ. ಇಂಬಳವೆಂದರೆ ಕಾಡಿನ ಜಿಗಣೆ. ರಕ್ತ ಕುಡಿದು ತಾನಾಗಿ ಬೀಳುತ್ತದೆ, ಅಪಾಯವೇನಿಲ್ಲ. ಎಳೆದು ಕೀಳಬೇಡಿ, ಉಪ್ಪು ಹಚ್ಚಿದರೆ ಬಿಡುತ್ತದೆ. ನವೆಂಬರ್ ಕಳೆದರೆ ಅದರ ಕಾಟವೂ ಕಡಿಮೆ.

ಉಣುಗು ಹಾಗಲ್ಲ. ಹುಲ್ಲಿನಲ್ಲಿ, ಒಣಗಿದ ತರಗೆಲೆಗಳಲ್ಲಿ ಇರುವ ಈ ಸಣ್ಣ ಹುಳು ಕಚ್ಚುವುದರಿಂದ ಮಂಗನ ಕಾಯಿಲೆ ಹರಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ನಮ್ಮ ಪ್ರವಾಸದ ಕಾಲಕ್ಕೇ ಆರಂಭವಾಗುತ್ತದೆ. ಹೊರಡುವ ವಾರದಲ್ಲಿ ತೀರ್ಥಹಳ್ಳಿಯ ತಾಲ್ಲೂಕು ಆರೋಗ್ಯಾಧಿಕಾರಿಯವರ ಕಚೇರಿಗೆ ಫೋನ್ ಮಾಡಿ, ಯಾವ ಊರಿನಲ್ಲಿ ಪ್ರಕರಣಗಳಿವೆ ಅಥವಾ ಮಂಗ ಸತ್ತಿದೆ ಎಂದು ಕೇಳಿ, ಆ ಭಾಗದ ಕಾಡಿಗೆ ಕಾಲಿಡಬೇಡಿ. ಉಳಿದ ಕಡೆಯೂ ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಅಥವಾ ಸಲ್ವಾರ್ ಇರಲಿ. ತರಗೆಲೆಗಳ ಮೇಲೆ ಕೂರುವುದು, ಒರಗುವುದು ಬೇಡ. ವಸತಿಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಲು ಹೇಳಿ.

8. ಫೋನ್ ಸಿಗದ ಜಾಗದಲ್ಲಿ

ಘಟ್ಟದಲ್ಲಿ ಸಿಗ್ನಲ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮಕ್ಕಳ ಹೆಸರು, ರಕ್ತದ ಗುಂಪು, ಪಾಲಕರ ನಂಬರ್ ಇರುವ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ, ಪ್ರತಿ ಶಿಕ್ಷಕರ ಬಳಿ ಒಂದು, ಬಸ್ಸಿನಲ್ಲಿ ಒಂದು, ಊರಿನಲ್ಲಿ ಮುಖ್ಯೋಪಾಧ್ಯಾಯರ ಬಳಿ ಒಂದು ಇಡಿ. ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ದಾರಿಯ ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ. ಬಸ್ಸು ಹೊರಡುವಾಗಲೆಲ್ಲ ಎಣಿಕೆ ಮಾಡಬೇಕು. ಆ ಎಣಿಕೆಯನ್ನು ಪ್ರತಿ ಸಲವೂ ಒಬ್ಬರೇ ಶಿಕ್ಷಕರು ಮಾಡಬೇಕು. ಮೂವರು ಎಣಿಸಿದರೆ ಮೂರು ಸಂಖ್ಯೆಗಳು ಬರುತ್ತವೆ.

9. ಮರಳಿ ಬಂದ ಮೇಲೆ

ಖರ್ಚಿನ ರಸೀದಿಗಳನ್ನು ದಿನವಾರು ಲಕೋಟೆಗಳಲ್ಲಿ ಹಾಕಿಕೊಂಡು ಬಂದಿದ್ದರೆ ಲೆಕ್ಕ ಒಪ್ಪಿಸುವುದು ಒಂದು ಮಧ್ಯಾಹ್ನದ ಕೆಲಸ. ಉಳಿದ ಹಣವನ್ನು ಪಾಲಕರಿಗೆ ಹಿಂದಿರುಗಿಸಿ, ಸಹಿ ಪಡೆಯಿರಿ.

ಎರಡು ವಾರಗಳವರೆಗೆ ಮಕ್ಕಳ ಹಾಜರಿ ಪುಸ್ತಕದ ಮೇಲೆ ಕಣ್ಣಿಟ್ಟಿರಿ. ಮಂಗನ ಕಾಯಿಲೆಯ ಜ್ವರ ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ, ತಲೆನೋವು ಮತ್ತು ಮೈಕೈ ನೋವಿನೊಂದಿಗೆ ಬರುತ್ತದೆ. ನಮ್ಮ ಕಡೆಯ ವೈದ್ಯರು ಜ್ವರವೆಂದರೆ ಮೊದಲು ಡೆಂಗಿ, ಟೈಫಾಯ್ಡ್ ನೋಡುವುದು ಸಹಜ. ಆದ್ದರಿಂದ ಯಾವುದೇ ಮಗುವಿಗೆ ಜ್ವರ ಬಂದರೆ, ಮಲೆನಾಡಿನ ಕಾಡಿನಂಚಿಗೆ ಹೋಗಿಬಂದಿರುವ ವಿಷಯವನ್ನು ದಿನಾಂಕದೊಂದಿಗೆ ವೈದ್ಯರಿಗೆ ತಿಳಿಸುವಂತೆ ಪಾಲಕರಿಗೆ ಒಂದು ಚೀಟಿ ಬರೆದು, ಬಸ್ಸಿನಿಂದ ಇಳಿಯುವಾಗಲೇ ಪ್ರತಿ ಮಗುವಿನ ಕೈಯಲ್ಲಿ ಕೊಡಿ.